ಪದಚರ್ಚೆ: ಪಿಕಪ್ ಕಾನ್ಸೆಪ್ಟ್ ಕುರಿತ ಟ್ರಕ್ ಪ್ರಿಯರ ಮಾತುಗಳಿಗೆ ಕನ್ನಡ – ‘ಬೆಡ್’, ‘ನಿಜವಾದ ಟ್ರಕ್’, ‘ಕಾನ್ಸೆಪ್ಟ್’

ಮಾನ್ಯರೇ,

ಪಿಕಪ್ ವಾಹನದ ಹೊಸ ವಿನ್ಯಾಸವೊಂದು ಪ್ರದರ್ಶನಕ್ಕೆ ಬಂದಾಗ ಟ್ರಕ್ ಪ್ರಿಯರು ಅದನ್ನು ಹೇಗೆ ಅಳೆಯುತ್ತಾರೆ ಎಂಬುದನ್ನು ಕುರಿತು ಕನ್ನಡದಲ್ಲಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಬರುವ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಾಗಿದೆ. ಈ ಜನರ ಮಾತುಗಳು ಮೇಲ್ನೋಟಕ್ಕೆ ಮೆಚ್ಚುಗೆಯ ಅಥವಾ ತಿರಸ್ಕಾರದ ಉದ್ಗಾರಗಳಂತೆ ಕಂಡರೂ ಅವುಗಳಲ್ಲಿ ಬಹುಪಾಲು ವಾಹನದ ಕೆಲಸವನ್ನು ಕುರಿತ ತೀರ್ಪುಗಳಾಗಿರುತ್ತವೆ: ಸರಕು ಎಲ್ಲಿ ಕೂರುತ್ತದೆ, ಭಾರವನ್ನು ಯಾವ ಭಾಗ ಹೊರುತ್ತದೆ, ಇಂದು ತೋರಿಸಿದ್ದರಲ್ಲಿ ಎಷ್ಟು ನಾಳೆ ಮಾರಾಟಕ್ಕೆ ಬರುತ್ತದೆ. ಈ ಮೂರನ್ನೂ ಬಿಡಿಬಿಡಿಯಾಗಿ ಹೇಳುವ ಪದಗಳು ನಮ್ಮಲ್ಲಿ ನೆಲೆಗೊಳ್ಳದಿದ್ದರೆ ಆ ತೀರ್ಪುಗಳೆಲ್ಲ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬಷ್ಟಕ್ಕೆ ಇಳಿದುಬಿಡುತ್ತವೆ ಎಂಬುದು ನನ್ನ ಆತಂಕ.

ವಾಹನದ ಹೆಸರಿನಿಂದಲೇ ತೊಡಕು ಆರಂಭವಾಗುತ್ತದೆ. ಅಮೆರಿಕದಲ್ಲಿ ಪಿಕಪ್ಪನ್ನು ಸುಮ್ಮನೆ ‘ಟ್ರಕ್’ ಎಂದೇ ಕರೆಯುತ್ತಾರೆ; ಕನ್ನಡ ಪತ್ರಿಕೆಗಳಲ್ಲಿ ಟ್ರಕ್ ಎಂದರೆ ಲಾರಿ. ಹೀಗಾಗಿ ‘ಟ್ರಕ್ ಪ್ರಿಯರು’ ಎಂದು ಬರೆದರೆ ಓದುಗರು ಹತ್ತು ಚಕ್ರದ ಲಾರಿಯನ್ನು ಕಣ್ಣಮುಂದೆ ತಂದುಕೊಳ್ಳುವುದು ಸಹಜ. ‘ಪಿಕಪ್’ ಎಂಬ ಪದಕ್ಕೆ ಇನ್ನೊಂದು ತೊಡಕಿದೆ. ನಮ್ಮ ಮಾತಿನಲ್ಲಿ ‘ಗಾಡಿಗೆ ಪಿಕಪ್ ಇಲ್ಲ’ ಎಂದರೆ ಅದು ಬೇಗ ವೇಗ ಪಡೆಯುವುದಿಲ್ಲ ಎಂದರ್ಥ. ವಿದ್ಯುತ್ ಪಿಕಪ್ಪುಗಳ ವಿಷಯದಲ್ಲಿ ವೇಗ ಏರುವ ಬಿರುಸಿನ ಮಾತು ಪ್ರತಿ ಪುಟದಲ್ಲೂ ಬರುವುದರಿಂದ ಒಂದೇ ವಾಕ್ಯದಲ್ಲಿ ಎರಡು ಅರ್ಥಗಳು ಢಿಕ್ಕಿ ಹೊಡೆಯುತ್ತವೆ. ನನ್ನ ಬರವಣಿಗೆಯಲ್ಲಿ ವಾಹನಕ್ಕೆ ‘ಪಿಕಪ್’ ಎಂದೂ ಆ ಗುಣಕ್ಕೆ ‘ವೇಗದ ಬಿರುಸು’ ಎಂದೂ ಇಟ್ಟುಕೊಂಡಿದ್ದೇನೆ. ಆದರೆ ಟ್ರಕ್ ಪ್ರಿಯರದೇ ಮಾತನ್ನು ಉದ್ಧರಿಸುವಾಗ ‘ಟ್ರಕ್’ ಎಂಬುದನ್ನು ಬದಲಿಸಿಲ್ಲ. ಅವರ ಬಾಯಲ್ಲಿ ಅದು ವಾಹನದ ಬಗೆಯನ್ನು ಸೂಚಿಸುವುದರ ಜೊತೆಗೆ ಒಂದು ಬಿರುದಿನಂತೆಯೂ ಕೆಲಸ ಮಾಡುತ್ತದೆ. ಯಾವ ವಾಹನ ಅದಕ್ಕೆ ಅರ್ಹ ಎಂಬುದೇ ಅವರ ಮುಖ್ಯ ವಾದ.

ಎಲ್ಲಕ್ಕಿಂತ ಹೆಚ್ಚು ಕಾಡಿದ ಪದ ‘ಬೆಡ್’. ಕ್ಯಾಬಿನ್ನಿನ ಹಿಂದೆ ಸರಕಿಗಾಗಿ ಇರುವ, ಮೇಲೆ ತೆರೆದ ಭಾಗ ಅದು. ಪಿಕಪ್ಪಿಗೆ ಪಿಕಪ್ ಎಂಬ ಹೆಸರು ಬಂದದ್ದರಲ್ಲೂ ಈ ಭಾಗದ ಪಾತ್ರವೇ ದೊಡ್ಡದು: ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರನ್ನು ಕಾರ್ಖಾನೆಯಲ್ಲೇ ಸರಕಿನ ಪೆಟ್ಟಿಗೆ ಜೋಡಿಸಿ ಮಾರಲು ತೊಡಗಿದಾಗ ‘ಪಿಕಪ್ ಬಾಡಿ ಇರುವ ರನಬೌಟ್’ ಎಂದು ಕರೆಯಿತು (ರನಬೌಟ್ ಎಂದರೆ ಇಬ್ಬರು ಕೂರುವ ಚಿಕ್ಕ ತೆರೆದ ಕಾರು). ಅಲ್ಲಿ ಪಿಕಪ್ ಎಂಬುದು ಹಿಂಭಾಗದ ವಿಶೇಷಣವಾಗಿತ್ತು. ಇಡೀ ವಾಹನಕ್ಕೆ ಆ ಹೆಸರು ಹಬ್ಬಿದ್ದು ನಂತರ.

ಇದಕ್ಕೆ ‘ಹಾಸಿಗೆ’ ಎಂದು ಬರೆಯುವಂತಿಲ್ಲ. ಮಲಗುವ ಸೌಕರ್ಯವಿರುವ ವಾಹನ ಎಂಬ ತಪ್ಪು ತಿಳಿವಳಿಕೆ ಬರುತ್ತದೆ. ‘ಡಿಕ್ಕಿ’ ಎಲ್ಲರ ಬಾಯಲ್ಲೂ ಇರುವ ಪದವಾದರೂ ಅದು ಕಾರಿನ ಹಿಂದಿನ ಮುಚ್ಚಿದ ಗೂಡಿನ ಹೆಸರು. ಹೋಂಡಾ ರಿಡ್ಜ್‌ಲೈನ್ ಎಂಬ ಪಿಕಪ್ಪಿನಲ್ಲಿ ಬೆಡ್ಡಿನ ನೆಲದ ಕೆಳಗೆ ಬೀಗ ಹಾಕಬಹುದಾದ ಡಿಕ್ಕಿಯೂ ಇರುವುದರಿಂದ ಎರಡಕ್ಕೂ ಬೇರೆ ಬೇರೆ ಪದಗಳು ಬೇಕೇಬೇಕು. ‘ಟ್ರಾಲಿ’, ‘ಟ್ರೈಲರ್’ ಎಂದರೆ ಹಿಂದೆ ಕಟ್ಟಿ ಎಳೆಯುವಂಥವು. ಪಿಕಪ್ಪುಗಳ ಎಳೆಯುವ ಸಾಮರ್ಥ್ಯವೇ ಪ್ರತ್ಯೇಕ ಚರ್ಚೆಯ ವಸ್ತುವಾದ್ದರಿಂದ ಆ ಪದಗಳನ್ನೂ ಇಲ್ಲಿಗೆ ತರಲಾಗದು. ‘ಬಾಡಿ’ ಎಂಬುದು ಲಾರಿಯ ವಿಷಯದಲ್ಲಿ ಸರಿಹೊಂದುತ್ತದೆ. ಲಾರಿಗೆ ಬಾಡಿ ಕಟ್ಟಿಸುವುದು ಎಂದೇ ನಾವು ಹೇಳುತ್ತೇವೆ. ಆದರೆ ಕಾರಿನ ಮಾತು ಬಂದಾಗ ಬಾಡಿ ಎಂದರೆ ವಾಹನದ ಇಡೀ ಹೊರಮೈ. ಚಾಸಿಯ, ಅಂದರೆ ಭಾರ ಹೊರುವ ಅಡಿಚೌಕಟ್ಟಿನ, ಮೇಲೆ ಬಾಡಿ ಕೂರಿಸಿದ ವಾಹನ ಯಾವುದು, ಎರಡೂ ಒಂದೇ ಆಗಿರುವ ವಾಹನ ಯಾವುದು ಎಂಬ ವಿಂಗಡಣೆ ಇದೇ ಲೇಖನದಲ್ಲಿ ಬರುವುದರಿಂದ ಆ ಪದವನ್ನು ಅಲ್ಲಿಗಾಗಿ ಉಳಿಸಿಕೊಳ್ಳಬೇಕಾಗಿದೆ.

ನನ್ನ ಒಲವು ‘ತೊಟ್ಟಿ’ಯ ಕಡೆಗಿದೆ. ಸುತ್ತ ಗೋಡೆ, ಮೇಲೆ ಬಯಲು ಎಂಬ ಅರ್ಥ ಈ ಪದದಲ್ಲಿ ಆಗಲೇ ಇದೆ. ‘ತೊಟ್ಟಿಮನೆ’ ಎಂಬಲ್ಲಿ ಆಕಾಶಕ್ಕೆ ತೆರೆದ ನಡುವಣ ಜಾಗಕ್ಕೆ ಇದೇ ಪದ ಸಲ್ಲುತ್ತದೆ. ದಕ್ಷಿಣ ಆಫ್ರಿಕದವರು ಪಿಕಪ್ಪನ್ನು ‘ಬಕ್ಕಿ’ ಎನ್ನುತ್ತಾರೆ. ಪಾತ್ರೆ, ತೊಟ್ಟಿ ಎಂಬ ಅರ್ಥದ ಆಫ್ರಿಕಾನ್ಸ್ ಪದದಿಂದ ಬಂದ ಹೆಸರದು. ಆಸ್ಟ್ರೇಲಿಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಟ್ಟಿ ಪಕ್ಕಗೋಡೆಗಳಿರುವ ಬಗೆಯನ್ನು ‘ಟಬ್’ ಎಂದೂ ಸಮತಟ್ಟಾದ ಬಗೆಯನ್ನು ‘ಟ್ರೇ’ ಎಂದೂ ಬೇರ್ಪಡಿಸಿದ್ದಾರೆ. ಈ ವಿಂಗಡಣೆಯನ್ನು ಅನುಸರಿಸಿ ಮೊದಲನೆಯದಕ್ಕೆ ‘ಸರಕುತೊಟ್ಟಿ’, ಎರಡನೆಯದಕ್ಕೆ ‘ಸರಕುಹಾಸು’ ಎನ್ನಬಹುದೆಂದು ತೋರುತ್ತದೆ. ಹಾಸುಗಲ್ಲು ಎಂಬಲ್ಲಿರುವ ‘ಹಾಸು’ ಇಲ್ಲಿ ಹಾಸಿಗೆಯ ನೆನಪನ್ನು ತಾರದೆ ಹರಡಿದ ನೆಲವನ್ನಷ್ಟೇ ಸೂಚಿಸುತ್ತದೆ. ತೊಟ್ಟಿ ಎಂದೊಡನೆ ಕಸದ ತೊಟ್ಟಿ ನೆನಪಾಗುತ್ತದೆ ಎಂಬ ಆಕ್ಷೇಪ ಬರಬಹುದು. ‘ಸರಕು’ ಎಂಬ ಪೂರ್ವಪದ ಆ ನೆನಪನ್ನು ತಡೆಯುತ್ತದೆ ಎಂಬುದು ನನ್ನ ನಂಬಿಕೆ. ಬೇರೆ ಅನಿಸಿಕೆಯುಳ್ಳವರು ದಯವಿಟ್ಟು ಬರೆಯಿರಿ.

ಈ ಒಂದು ಪದದ ಬಗ್ಗೆ ಇಷ್ಟು ಪಟ್ಟು ಹಿಡಿಯಲು ಕಾರಣವಿದೆ. ಟ್ರಕ್ ಪ್ರಿಯರ ಟೀಕೆಗಳು ಬಹುತೇಕ ಇಲ್ಲಿಗೇ ಬಂದು ನಿಲ್ಲುತ್ತವೆ. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಪ್ಲೈವುಡ್ ಹಲಗೆ ತೊಟ್ಟಿಯೊಳಗೆ ಎದ್ದುನಿಂತ ಚಕ್ರದ ಉಬ್ಬುಗಳ ನಡುವೆ ಸಮತಟ್ಟಾಗಿ ಮಲಗುತ್ತದೆಯೇ ಎಂಬುದು ಅವರ ಹಳೆಯ ಅಳತೆಗೋಲು. ದೊಡ್ಡ ಪಿಕಪ್ಪುಗಳಲ್ಲಿ ಸುಮಾರು ಐದೂವರೆ, ಆರೂವರೆ ಮತ್ತು ಎಂಟು ಅಡಿ ಉದ್ದದ ತೊಟ್ಟಿಗಳು ರೂಢಿಯಲ್ಲಿವೆ. ಕ್ಯಾಬಿನ್ ಹಿಗ್ಗಿದಂತೆ ತೊಟ್ಟಿ ಕುಗ್ಗುತ್ತದೆ ಎಂಬುದು ಅವರ ದೂರು. ಇಲ್ಲಿ ಒಂದು ಮಾತು: ‘ಕ್ಯಾಬ್’ ಎಂದು ಬರೆದರೆ ನಮ್ಮವರಿಗೆ ಅದು ಬಾಡಿಗೆ ಕಾರು, ಆದ್ದರಿಂದ ‘ಕ್ಯಾಬಿನ್’ ಎಂದೇ ಬರೆಯುವುದು ಒಳ್ಳೆಯದು. 2005ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ತಲೆಮಾರಿನ ರಿಡ್ಜ್‌ಲೈನಿನಲ್ಲಿ ಕ್ಯಾಬಿನ್ನಿನ ಮೇಲ್ತುದಿಯಿಂದ ತೊಟ್ಟಿಯ ಪಕ್ಕಗೋಡೆಗೆ ಇಳಿಜಾರಾದ ಆನಿಕೆಯೊಂದಿತ್ತು. ಪಕ್ಕದಲ್ಲಿ ನಿಂತು ಕೈ ಚಾಚಿ ಸರಕನ್ನು ಎತ್ತಿಕೊಳ್ಳಲು ಅದು ಅಡ್ಡವಾಗುತ್ತದೆ ಎಂದು ಟೀಕೆ ಬಂತು; ಎರಡನೆಯ ತಲೆಮಾರಿನಲ್ಲಿ ಅದನ್ನು ಕೈಬಿಟ್ಟರು. 2019ರಲ್ಲಿ ಟೆಸ್ಲಾ ಕಂಪನಿಯ ವಿದ್ಯುತ್ ಪಿಕಪ್ ಸೈಬರ್‌ಟ್ರಕ್ ಮೊದಲು ಪ್ರದರ್ಶನಕ್ಕೆ ಬಂದಾಗ ಅದರ ಇಳಿಜಾರು ಗೋಡೆಗಳ ಬಗ್ಗೆಯೂ ಇದೇ ಆಕ್ಷೇಪ ಕೇಳಿಬಂತು. ತೊಟ್ಟಿ, ಅದರ ನೆಲ, ಪಕ್ಕಗೋಡೆ, ಹಿಂಬಾಗಿಲು ಎಂದು ಬಿಡಿಸಿ ಹೇಳಲಾಗದಿದ್ದರೆ ಈ ಆಕ್ಷೇಪವನ್ನು ಕನ್ನಡದಲ್ಲಿ ‘ವಿನ್ಯಾಸ ಹಿಡಿಸಲಿಲ್ಲ’ ಎಂದಷ್ಟೇ ಬರೆಯಬೇಕಾಗುತ್ತದೆ, ಆಗ ಟೀಕೆಯ ತಿರುಳೇ ಹೋಗುತ್ತದೆ.

ಭಾರ ಹೊರುವ ಭಾಗದ ಪದಗಳಲ್ಲಿ ಅಷ್ಟು ತೊಡಕಿಲ್ಲ. ಎರಡು ಉದ್ದ ತೊಲೆಗಳನ್ನು ಅಡ್ಡಪಟ್ಟಿಗಳಿಂದ ಬೆಸೆದ ‘ಲ್ಯಾಡರ್ ಫ್ರೇಮ್’ಗೆ ‘ಏಣಿಚಾಸಿ’ ಎಂದರೆ ಕೇಳಿದೊಡನೆ ಆಕಾರ ತಿಳಿಯುತ್ತದೆ. ಚಾಸಿಯೂ ಹೊರಮೈಯೂ ಒಂದೇ ಆಗಿರುವ ರಚನೆಗೆ ‘ಮಾನೊಕಾಕ್’ ಎಂಬ ಪದ ವಾಹನ ಬರಹಗಳಲ್ಲಿ ಬಳಕೆಯಲ್ಲಿದೆ. ಮೊದಲ ಸಲ ಬಂದಾಗ ‘ಚಾಸಿ ಬೇರೆಯಾಗಿಲ್ಲದ’ ಎಂದು ವಿವರಿಸಿ ಮುಂದೆ ಅದನ್ನೇ ಬಳಸಬಹುದು. ‘ಏಕಕಾಯ’ದಂಥ ಸಂಸ್ಕೃತ ಸಮಾಸಗಳನ್ನು ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ.

ಈ ರಚನೆಯ ಪ್ರಶ್ನೆಯೇ ಮುಂದಿನ, ಹೆಚ್ಚು ಸೂಕ್ಷ್ಮವಾದ ಪದಗುಚ್ಛಕ್ಕೆ ದಾರಿ ಮಾಡುತ್ತದೆ. ಮಾನೊಕಾಕ್ ರಚನೆಯ ಪಿಕಪ್ ಕಂಡಾಗ ಟ್ರಕ್ ಪ್ರಿಯರಲ್ಲಿ ಅನೇಕರು ಅದು ‘ನಿಜವಾದ ಟ್ರಕ್ ಅಲ್ಲ’ ಎನ್ನುತ್ತಾರೆ. ರಿಡ್ಜ್‌ಲೈನ್ ಈ ಮಾತನ್ನು ಮೊದಲಿನಿಂದಲೂ ಕೇಳುತ್ತ ಬಂದಿದೆ. 2021ರಲ್ಲಿ ಬಂದ ಹ್ಯುಂಡೈ ಸಾಂತಾ ಕ್ರೂಸ್ ಮತ್ತು ಫೋರ್ಡ್ ಮಾವೆರಿಕ್ ಕೂಡ ಕೇಳಿವೆ. ಇಲ್ಲಿಯ ‘ನಿಜವಾದ’ ಎಂಬುದಕ್ಕೆ ಕನ್ನಡದಲ್ಲಿ ಯಾವ ಪದ ಸರಿ? ‘ಅಸಲಿ’ ಎಂದರೆ ಇನ್ನೊಂದು ನಕಲಿಯಾಗುತ್ತದೆ, ಅಂದರೆ ತಯಾರಕರು ಮೋಸ ಮಾಡಿದ್ದಾರೆ ಎಂಬ ಆರೋಪ ನುಸುಳುತ್ತದೆ. ಮಾತಾಡಿದವರಿಗೆ ಆ ಉದ್ದೇಶವಿರುವುದಿಲ್ಲ. ‘ಅಪ್ಪಟ’ ಎಂಬುದು ಬೆರಕೆಯಿಲ್ಲದ್ದು ಎಂಬ ಅರ್ಥ ಕೊಡುವುದರಿಂದ, ಕಾರಿನ ತಳಹದಿಯ ಮೇಲೆ ಟ್ರಕ್ಕಿನ ರೂಪ ಕೊಟ್ಟದ್ದನ್ನು ಆಕ್ಷೇಪಿಸುವ ಸಂದರ್ಭದಲ್ಲಿ ಚೆನ್ನಾಗಿ ಒಪ್ಪುತ್ತದೆ. ಆದರೆ ತೊಟ್ಟಿ ಚಿಕ್ಕದಾಯಿತು, ಹೆಚ್ಚು ಭಾರ ಎಳೆಯದು ಎಂಬ ಕಾರಣಕ್ಕೆ ಅದೇ ಮಾತನ್ನು ಆಡಿದಾಗ ‘ಅಪ್ಪಟ’ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ‘ಹೆಸರಿಗೆ ಮಾತ್ರ ಟ್ರಕ್’ ಎಂಬುದು ಹೆಚ್ಚು ಹತ್ತಿರ.

ಇದಕ್ಕಿಂತ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ವಿಶೇಷಣವನ್ನೇ ಬಿಟ್ಟು ಅವಧಾರಣೆಯ ‘ಏ’ಕಾರವನ್ನು ನೆಚ್ಚಿಕೊಳ್ಳುವ ದಾರಿ. ‘ಇದು ಟ್ರಕ್ಕೇ ಅಲ್ಲ’ ಎಂದಾಗ ಬಿರುದನ್ನು ಪೂರ್ತಿ ಕಿತ್ತುಕೊಂಡಂತಾಗುತ್ತದೆ. ‘ನಿಜವಾದ ಟ್ರಕ್ ಅಲ್ಲ’ ಎಂದಾಗ ಒಂದಿಷ್ಟು ಒಪ್ಪಿಕೊಂಡು ಉಳಿದದ್ದನ್ನು ತಡೆಹಿಡಿದಂತಾಗುತ್ತದೆ. ಮೆಚ್ಚುವಾಗ ‘ಟ್ರಕ್ ಎಂದರೆ ಇದು’ ಎನ್ನುವಲ್ಲಿಯೂ ವಿಶೇಷಣ ಬೇಕಾಗಿಲ್ಲ. ಮೂರು ಹಂತಗಳ ಈ ಬನಿ ಕನ್ನಡಕ್ಕೆ ಸಹಜವಾಗಿಯೇ ಒದಗಿದೆ. ಮಾವೆರಿಕ್ ಬಗ್ಗೆ ಬಂದ ಮಾತುಗಳನ್ನು ಬರೆಯುವಾಗ ಇದರ ಉಪಯೋಗ ಚೆನ್ನಾಗಿ ಆಯಿತು. ನಾಲ್ಕೂವರೆ ಅಡಿಯ ತೊಟ್ಟಿಯೆಂದು ಮೊದಲು ತಳ್ಳಿಹಾಕಿದವರು ಒಂದು ಕಡೆ. ಹೈಬ್ರಿಡ್ ಎಂಜಿನ್ನಿನೊಂದಿಗೆ 20,000 ಡಾಲರಿಗಿಂತ ತುಸು ಕಡಿಮೆ ಆರಂಭದ ಬೆಲೆಗೆ ಬಂದದ್ದನ್ನು ಕಂಡು, ದಿನನಿತ್ಯದ ಹೊರೆಗೆ ಇಷ್ಟು ಸಾಕು ಎಂದವರು ಇನ್ನೊಂದು ಕಡೆ. ಇವರಿಬ್ಬರ ನಡುವಣ ದೂರವನ್ನು ‘ಅಸಲಿ’, ‘ನಕಲಿ’ ಎಂಬ ಜೋಡಿಯಿಂದ ಅಳೆಯಲು ಬರುವುದಿಲ್ಲ.

ಇನ್ನು ‘ಕಾನ್ಸೆಪ್ಟ್’, ಅಂದರೆ ಮುಂದಿನ ವಿನ್ಯಾಸ ಹೇಗಿರಬಹುದೆಂದು ತೋರಿಸಲು ಪ್ರದರ್ಶನಕ್ಕಾಗಿ ಕಟ್ಟುವ ವಾಹನ. ‘ಪರಿಕಲ್ಪನೆ’ ಎಂಬುದು ಮನಸ್ಸಿನಲ್ಲಿರುವ ಸಂಗತಿ. ವೇದಿಕೆಯ ಮೇಲೆ ದೀಪಗಳ ಕೆಳಗೆ ನಿಂತ, ಮುಟ್ಟಿ ನೋಡಬಹುದಾದ ವಾಹನವನ್ನು ಹಾಗೆ ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ‘ಮಾದರಿ’ ಎಂದರೆ ಈಗಾಗಲೇ ಮಾರಾಟದಲ್ಲಿರುವ ಬಗೆಗಳೂ ಅದರೊಳಗೆ ಸೇರಿಬಿಡುತ್ತವೆ. ‘ಮೂಲಮಾದರಿ’ಯನ್ನು ತಯಾರಿಕೆಗೆ ಮೊದಲು ಪರೀಕ್ಷೆಗಾಗಿ ಕಟ್ಟುವ ವಾಹನಕ್ಕೆ ಮೀಸಲಿಡಬೇಕು. ಕಾನ್ಸೆಪ್ಟ್ ಇವೆರಡಕ್ಕೂ ಹಿಂದಿನದು. ಸಾಮಾನ್ಯವಾಗಿ ಈ ಪರಂಪರೆಯ ಮೊದಲನೆಯದೆಂದು ಹೇಳುವ, ಜನರಲ್ ಮೋಟರ್ಸ್ ಕಂಪನಿಯ ವಿನ್ಯಾಸ ಮುಖ್ಯಸ್ಥ ಹಾರ್ಲಿ ಅರ್ಲ್ ಮುಂದಾಳುತನದಲ್ಲಿ 1938ರಲ್ಲಿ ರೂಪುಗೊಂಡ ಬ್ಯೂಕ್ ವೈ-ಜಾಬ್ ಮಾರಾಟಕ್ಕೆಂದು ಹುಟ್ಟಿದ್ದೇ ಅಲ್ಲ. ಮುಂದಿನ ರೂಪಗಳತ್ತ ಬೆರಳು ತೋರುವುದು ಅದರ ಕೆಲಸವಾಗಿತ್ತು. ಈ ದೃಷ್ಟಿಯಿಂದ ‘ಮುನ್ನೋಟದ ವಾಹನ’ ಎಂಬ ಪದವನ್ನು ಪರಿಶೀಲನೆಗೆ ಇಡುತ್ತಿದ್ದೇನೆ. ‘ಮುಂದೆ ಹೀಗಿರಬಹುದು’ ಎಂಬ ಸೂಚನೆ ಇದರಲ್ಲಿದೆ, ‘ಹೀಗೇ ಇರುತ್ತದೆ’ ಎಂಬ ಭರವಸೆ ಇಲ್ಲ.

ಆ ವ್ಯತ್ಯಾಸ ಎಷ್ಟು ಮುಖ್ಯ ಎಂಬುದಕ್ಕೆ ರ‍್ಯಾಮ್ ಕಂಪನಿಯ ಉದಾಹರಣೆ ಸಾಕು. 2023ರ ಜನವರಿಯಲ್ಲಿ ಅದು ತೋರಿಸಿದ ‘ರೆವಲ್ಯೂಷನ್’ ಎಂಬ ವಿದ್ಯುತ್ ಪಿಕಪ್ ಕಾನ್ಸೆಪ್ಟಿನಲ್ಲಿ ಬಾಗಿಲುಗಳ ನಡುವಣ ಕಂಬವಿರಲಿಲ್ಲ, ಹಿಂದಿನ ಬಾಗಿಲು ಎದುರು ದಿಕ್ಕಿಗೆ ತೆರೆಯುತ್ತಿತ್ತು, ಮೂರನೆಯ ಸಾಲಿನ ಆಸನಗಳಿದ್ದವು. ಮರುತಿಂಗಳೇ ಮಾರಾಟಕ್ಕೆಂದು ಪ್ರಕಟಿಸಿದ ರೂಪ ಹೆಚ್ಚು ಕಡಿಮೆ ಆಗಿನ ಪೆಟ್ರೋಲ್ ಪಿಕಪ್ಪಿನಂತೆಯೇ ಇತ್ತು. ತೋರಿಸಿದ್ದು ಒಂದು, ಕೊಡುವುದು ಇನ್ನೊಂದು ಎಂಬ ನಿರಾಶೆ ವ್ಯಕ್ತವಾದದ್ದು ಆಗ. ಸಾಂತಾ ಕ್ರೂಸ್ ಕೂಡ 2015ರ ಕಾನ್ಸೆಪ್ಟಿನಲ್ಲಿ ಹಿಂದಕ್ಕೆ ತೆರೆಯುವ ಪುಟ್ಟ ಬಾಗಿಲುಗಳನ್ನು ಹೊಂದಿದ್ದು, ಆರು ವರ್ಷಗಳ ಬಳಿಕ ಸಾಮಾನ್ಯ ನಾಲ್ಕು ಬಾಗಿಲುಗಳೊಂದಿಗೆ ಬಂತು. ಸೈಬರ್‌ಟ್ರಕ್ಕಿನದು ನನಗೆ ಇನ್ನೂ ಬಗೆಹರಿಯದ ಪ್ರಕರಣ: 2019ರ ನವೆಂಬರಿನಲ್ಲಿ ಪಕ್ಕದ ಕನ್ನಡಿಗಳಿಲ್ಲದೆ ತೋರಿಸಿದ ವಾಹನಕ್ಕೆ ಅಂದೇ ಮುಂಗಡ ಪಡೆದರು, 2023ರ ನವೆಂಬರಿನ ಕೊನೆಯಲ್ಲಿ ಕನ್ನಡಿಗಳೊಂದಿಗೆ ಗ್ರಾಹಕರಿಗೆ ಕೊಡಲಾರಂಭಿಸಿದರು. ಹಣ ಕೊಟ್ಟು ಕಾಯ್ದಿರಿಸಿದ ವಸ್ತುವನ್ನು ಮುನ್ನೋಟ ಎನ್ನಬೇಕೋ ಮೂಲಮಾದರಿ ಎನ್ನಬೇಕೋ? ಮೂಲಮಾದರಿ ಎನ್ನುವುದೇ ನ್ಯಾಯವೆಂದು ನನಗೆ ತೋರುತ್ತದೆ, ಏಕೆಂದರೆ ಮುಂಗಡ ಪಡೆದ ಮೇಲೆ ‘ಹೀಗಿರಬಹುದು’ ಎಂಬ ಮಾತಿನ ರಿಯಾಯಿತಿ ತಯಾರಕರಿಗೆ ಸಿಗಬಾರದು.

ಪ್ರತಿಕ್ರಿಯೆಯ ಬಣ್ಣನೆಯಲ್ಲಿ ನಮ್ಮ ಪತ್ರಿಕೆಗಳು ಮತ್ತೆ ಮತ್ತೆ ಬಳಸುವ ‘ಮಿಶ್ರ ಪ್ರತಿಕ್ರಿಯೆ’ ಎಂಬುದನ್ನು ಈ ವಿಷಯದಲ್ಲಿ ಬಿಡಬೇಕೆಂದು ನನ್ನ ವಿನಂತಿ. ಮಿಶ್ರ ಎಂದರೆ ಒಬ್ಬೊಬ್ಬರಲ್ಲೂ ಅರೆ ಮೆಚ್ಚುಗೆ, ಅರೆ ಅಸಮಾಧಾನ ಇದೆ ಎಂದೂ ಆಗುತ್ತದೆ. 1994ರ ಡಾಡ್ಜ್ ರ‍್ಯಾಮ್ ಪಿಕಪ್ ದೊಡ್ಡ ಲಾರಿಯ ಎತ್ತರದ ಮೂತಿಯನ್ನು ಹೊತ್ತು ಬಂದಾಗ ಆದದ್ದು ಹಾಗಲ್ಲ. ಕೆಲವರು ತೀವ್ರವಾಗಿ ಮೆಚ್ಚಿದರು, ಕೆಲವರು ಅಷ್ಟೇ ತೀವ್ರವಾಗಿ ದೂರವಿಟ್ಟರು, ಮಾರಾಟ ಹಿಂದಿನ ವರ್ಷದ ಎರಡು ಪಟ್ಟಿಗೂ ಹೆಚ್ಚಾಯಿತು. ಇಂಥ ಕಡೆ ‘ಅಭಿಪ್ರಾಯ ಇಬ್ಭಾಗವಾಯಿತು’ ಎಂದರೆ ಸ್ಪಷ್ಟ. ‘ಅಭಿಮಾನಿಗಳು’ ಎಂಬ ಪದವನ್ನೂ ಇದೇ ಕಾರಣಕ್ಕೆ ಬಿಟ್ಟಿದ್ದೇನೆ: ಅಭಿಮಾನಿ ತಾನು ಮೆಚ್ಚಿದ್ದನ್ನು ಸಮರ್ಥಿಸುತ್ತಾನೆ, ಈ ಜನರಾದರೋ ಪ್ರೀತಿಯಿಂದಲೇ ಅಳತೆಪಟ್ಟಿ ಹಿಡಿದು ನಿಲ್ಲುತ್ತಾರೆ. ‘ಟ್ರಕ್ ಪ್ರಿಯರು’ ಸದ್ಯಕ್ಕೆ ಸಾಕೆನಿಸಿದೆ.

‘ಸರಕುತೊಟ್ಟಿ’ ಮತ್ತು ‘ಮುನ್ನೋಟದ ವಾಹನ’ ಇವೆರಡರ ಬಗ್ಗೆ ನಿಮ್ಮ ಒಪ್ಪಿಗೆಯನ್ನಾಗಲಿ ಆಕ್ಷೇಪವನ್ನಾಗಲಿ ಕಾರಣಸಹಿತ ತಿಳಿಸಬೇಕೆಂದು ಕೋರುತ್ತೇನೆ. ಜೊತೆಗೆ ಒಂದು ಪ್ರಶ್ನೆ: ತೊಟ್ಟಿಯ ಒಳಗೆ ಚಕ್ರದ ಮೇಲ್ಭಾಗ ಎದ್ದುನಿಂತು ನೆಲದ ಅಗಲವನ್ನು ಕಡಿಮೆ ಮಾಡುವ ಆ ಉಬ್ಬಿಗೆ ವಾಹನಗಳ ಬಾಡಿ ಕಟ್ಟುವ ಕೆಲಸಗಾರರು ಕನ್ನಡದಲ್ಲಿ ಬಳಸುವ ಹೆಸರು ಯಾವುದು? ‘ಚಕ್ರದ ಉಬ್ಬು’ ಎಂಬ ವಿವರಣೆಯನ್ನು ನಾನು ಬಳಸಿದ್ದೇನೆ. ಕೆಲಸದ ಜಾಗದಲ್ಲಿ ಕೇಳಿದ ಪದ ಯಾರಿಗಾದರೂ ಗೊತ್ತಿದ್ದರೆ ಅದನ್ನೇ ಲೇಖನಕ್ಕೆ ತೆಗೆದುಕೊಳ್ಳುತ್ತೇನೆ.