ಪದಚರ್ಚೆ: ಗಾಮಾ ಸರ್ವೆ ಯಂತ್ರದ ‘ಥ್ರೆಶೋಲ್ಡ್’, ‘ವಿಂಡೋ’, ‘ಗೇನ್’ – ಕನ್ನಡದಾಗ ಏನನ್ನಬೇಕು? (ನಾಳೆ ಅಚ್ಚಿಗೆ)

ಹುಬ್ಬಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ಗದಗ, ಮುಂಡರಗಿ ಕಡೆ ನೆಲದ ಗಾಮಾ ಸರ್ವೆಗೆ (ನೆಲದಿಂದ ಬರುವ ಗಾಮಾ ಕಿರಣ ಎಣಿಸಿ ಪೊಟ್ಯಾಸಿಯಂ, ಯುರೇನಿಯಂ, ಥೋರಿಯಂ ಎಷ್ಟಿದೆ ಎಂದು ನೋಡುವ ಕೆಲಸ) ಹೋಗುವ ಸಹಾಯಕರಿಗಾಗಿ ಒಂದು ಹಾಳೆಯ ಕಾರ್ಡು ತಯಾರಾಗಬೇಕು. ಲ್ಯಾಮಿನೇಟ್ ಮಾಡಿಸಿ ಯಂತ್ರದ ಪೆಟ್ಟಿಗೆಯಲ್ಲೇ ಇಡುವಂಥದ್ದು. ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಕೊಡಬೇಕು. ಯಂತ್ರ ಸೋಡಿಯಂ ಅಯೊಡೈಡ್ ಹರಳಿನದು (ಕಿರಣ ಬಿದ್ದರೆ ಹರಳು ಮಿನುಗುತ್ತದೆ, ಆ ಮಿನುಗು ವಿದ್ಯುತ್ ಮಿಡಿತವಾಗುತ್ತದೆ), 1024 ಚಾನೆಲ್ (ಮಿಡಿತಗಳನ್ನು ಶಕ್ತಿಯ ಪ್ರಕಾರ ವಿಂಗಡಿಸುವ ಖಾನೆಗಳು), ಚಾನೆಲ್ಲಿಗೆ 3 ಕೆಇವಿ (ಕಿರಣದ ಶಕ್ತಿಯ ಅಳತೆ). ಸೆನ್ಸರ್ ಸೆಟ್ಟಿಂಗ್ ಪುಟದಲ್ಲಿ ಗೇನ್, ಥ್ರೆಶೋಲ್ಡ್, ವಿಂಡೋ, ಸ್ಯಾಂಪ್ಲಿಂಗ್ ಟೈಮ್, ಡೆಡ್ ಟೈಮ್ ಎಂದು ಐದು ಸಾಲುಗಳಿವೆ. ಅಲಾರ್ಮ್ ಪುಟದಲ್ಲಿ ಮತ್ತೊಂದು ಥ್ರೆಶೋಲ್ಡ್ ಇದೆ. ಸದ್ಯಕ್ಕೆ ಹೀಗೆ ಬರೆದಿಟ್ಟಿದ್ದೇನೆ: ಗಳಿಕೆ, ಮಿತಿ, ಕಿಟಕಿ, ಮಾದರಿ ಸಮಯ, ಮೃತ ಸಮಯ. ‘ಮಿತಿ’ ಎರಡೂ ಪುಟಕ್ಕೆ ನಡೆದೀತೇ?

ಹಾವೇರಿಯಿಂದ:

ಕಿಟಕಿ ಬೇಡ. ಅದು ಖಿಡಕಿ. ಜನೆಲು ಅಂದರೆ ಪೋರ್ಚುಗೀಸರ ಜನೆಲಾ. ಗವಾಕ್ಷ ಸಂಸ್ಕೃತ. ನಮ್ಮದು ಅನ್ನುವಂಥದ್ದು ಕಿಂಡಿ. ನಮ್ಮ ಮಾಳಿಗೆ ಮನೆಗಳ ಬೆಳಕಿಂಡಿಯಲ್ಲಿ ಇನ್ನೂ ಜೀವಂತ ಇರುವ ಮಾತು. ಸಣ್ಣದು, ಅಳತೆಯದು, ಇಷ್ಟನ್ನೇ ಒಳಗೆ ಬಿಡುವುದು. ಸೆನ್ಸರ್‌ಗೆ ಸಂವೇದಕ ಅಂತ ಬರೆಯುವ ಮೊದಲು ‘ಅರಿವುಕ’ ವಿಚಾರ ಮಾಡಿರಿ. ಉಳಿದದ್ದು ಆಮೇಲೆ.

ಗದಗದಿಂದ:

ಕಿಂಡಿ ಒಪ್ಪಿಗೆ. ಅದಕ್ಕೆ ಕೆಳ ಅಂಚು, ಮೇಲಂಚು ಎರಡೂ ಹೇಳಲಿಕ್ಕೆ ಬರುತ್ತದೆ, ಇಲ್ಲಿ ಬೇಕಾದದ್ದೂ ಅದೇ: ಇಷ್ಟು ಕೆಇವಿಯಿಂದ ಇಷ್ಟರವರೆಗಿನ ಮಿಡಿತ ಮಾತ್ರ ಎಣಿಸು ಅಂತ. ‘ಪಟ್ಟಿ’ ಅಂತ ಯಾರೂ ಸೂಚಿಸಬೇಡಿರಿ. ನಮ್ಮ ಕಡೆ ಪಟ್ಟಿ ಅಂದರೆ ಜಾತ್ರೆಗೆ ಎತ್ತುವ ಚಂದಾ.

ಆದರೆ ಮೊದಲು ಆ ‘ಮಿತಿ’ ತೆಗೆಯಿರಿ ಅಕ್ಕಾರ. ಇಂಗ್ಲಿಷಿನಲ್ಲಿ ಒಂದೇ ಹೆಸರಿದ್ದರೂ ಎರಡೂ ಬೇರೆ ಬೇರೆ ಜಾಗದಲ್ಲಿ ಕೆಲಸ ಮಾಡುತ್ತವೆ. ಸೆನ್ಸರ್ ಪುಟದ್ದು ಒಂದೊಂದು ಮಿಡಿತಕ್ಕೆ ಸಂಬಂಧಿಸಿದ್ದು: 20ರಿಂದ 50 ಕೆಇವಿ ನಡುವೆ ಎಲ್ಲೋ ಇಟ್ಟಿರುತ್ತಾರೆ, ಅದಕ್ಕಿಂತ ಸಣ್ಣ ಮಿಡಿತ ಬಂದರೆ ವಿದ್ಯುತ್ ಗದ್ದಲ ಅಂತ ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಅಲಾರ್ಮ್ ಪುಟದ್ದು ಎಣಿಕೆ ಮುಗಿದ ಮೇಲಿನದು: ಸೆಕೆಂಡಿಗೆ ಇಷ್ಟು ದಾಟಿದರೆ ಕೂಗು ಅಂತ. ಎರಡಕ್ಕೂ ‘ಮಿತಿ’ ಅಂತ ಅಚ್ಚು ಹಾಕಿದರೆ ಏನಾಗುತ್ತದೆ? ಹುಡುಗ ಗ್ರಾನೈಟ್ ಬಂಡೆ ಮೇಲೆ ನಿಲ್ಲುತ್ತಾನೆ, ಯಂತ್ರ ಕೂಗುತ್ತದೆ, ‘ಮಿತಿ ಏರಿಸು’ ಅಂತ ಓದಿಕೊಂಡು ಸೆನ್ಸರ್ ಪುಟದ್ದನ್ನು 30ರಿಂದ 300ಕ್ಕೆ ಒಯ್ಯುತ್ತಾನೆ. ಕೂಗು ನಿಲ್ಲುತ್ತದೆ, ಯಾಕಂದರೆ ನೆಲದಿಂದ ಬರುವ ಎಣಿಕೆಯಲ್ಲಿ ಹೆಚ್ಚಿನ ಪಾಲು ಚದುರಿ ಬಂದ ಕಡಿಮೆ ಶಕ್ತಿಯದೇ, ಅದೆಲ್ಲ ಹೋಯಿತು. 59.5 ಕೆಇವಿಯ ಕಿರಣ ಬಿಡುವ ಅಮೆರಿಸಿಯಂ ಎದುರಿಗೇ ಇದ್ದರೂ ಇನ್ನು ಕಾಣುವುದಿಲ್ಲ. ಮುಂಜಾನೆಯ ಅಂಕಿಗೂ ಮಧ್ಯಾಹ್ನದ ಅಂಕಿಗೂ ತಾಳೆ ಇರುವುದಿಲ್ಲ.

ಮೊದಲನೆಯದಕ್ಕೆ ‘ಹೊಸ್ತಿಲು’ ಅನ್ನಿರಿ. ದಾಟಿದ್ದು ಒಳಗೆ, ದಾಟದ್ದು ಹೊರಗೆ. ಎರಡನೆಯದಕ್ಕೆ ‘ಎಚ್ಚರಿಕೆ ಮಟ್ಟ’.

ಧಾರವಾಡದಿಂದ:

ಹೊಸ್ತಿಲು ಸರಿ. ‘ಗಳಿಕೆ’ ತಪ್ಪು, ಅದು ರೊಕ್ಕದ್ದು. ಇದು ಮಿಡಿತವನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕು ಅನ್ನುವುದು, ‘ವರ್ಧನೆ’ ಬರೆಯಿರಿ. ಕಾರ್ಡಿನಲ್ಲಿ ಪದದ ಜೋಡಿ ಕೆಲಸವನ್ನೂ ಹೇಳಿರಿ, ಇಲ್ಲದಿದ್ದರೆ ಪದ ಯಾವುದಿದ್ದರೇನು. ಯಂತ್ರ ಚಾಲೂ ಮಾಡಿ ಕಾಲು ತಾಸು ಬಿಡಬೇಕು. ಗ್ರಾನೈಟ್ ಮೇಲಿಟ್ಟು ಐದು ನಿಮಿಷ ಎಣಿಸಿದರೆ ಪೊಟ್ಯಾಸಿಯಂ ಶಿಖರ (ಅದರ ಕಿರಣದ ಎಣಿಕೆ ಒಂದೇ ಕಡೆ ಗುಡ್ಡೆಯಾಗುವ ಜಾಗ) ಎದ್ದು ಕಾಣುತ್ತದೆ. ಅದು 1461 ಕೆಇವಿ, ಅಂದರೆ ನಿಮ್ಮ ಯಂತ್ರದಲ್ಲಿ 487ನೇ ಚಾನೆಲ್. ಬಿಸಿಲು ಏರಿದ ಹಾಗೆ ಹರಳಿನ ಬೆಳಕು ಕಮ್ಮಿಯಾಗಿ ಶಿಖರ ಎಡಕ್ಕೆ ಸರಿಯುತ್ತದೆ. ಆಗ ಏರಿಸಬೇಕಾದದ್ದು ವರ್ಧನೆ. ಕಿಂಡಿಯ ಅಂಚನ್ನು ಶಿಖರದ ಬೆನ್ನು ಹತ್ತಿ ಸರಿಸಬಾರದು. ಸರಿಸಿದರೆ ಮರುದಿನ ತಂಪು ಹೊತ್ತಿನಲ್ಲಿ ಕಿಂಡಿ ಒಂದು ಕಡೆ, ಶಿಖರ ಒಂದು ಕಡೆ.

ಹೈವೋಲ್ಟೇಜ್ ಮುಟ್ಟಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿರಿ. ಹತ್ತು ಡೈನೋಡಿನ ಫೋಟೊಮಲ್ಟಿಪ್ಲಯರ್ ನಳಿಕೆಯಲ್ಲಿ (ಹರಳಿನ ಮಿನುಗನ್ನು ಹತ್ತು ಹಂತದಲ್ಲಿ ಬೆಳೆಸಿ ವಿದ್ಯುತ್ ಮಿಡಿತ ಮಾಡುವುದು ಇದೇ) ವೋಲ್ಟೇಜು 1% ಏರಿದರೆ ವರ್ಧನೆ ಸುಮಾರು 7% ಏರುತ್ತದೆ. 1461ರಲ್ಲಿ ಇರಬೇಕಾದ ಶಿಖರ 1563ಕ್ಕೆ ಹೋಗಿ ಕೂಡುತ್ತದೆ. ಪೊಟ್ಯಾಸಿಯಂ ಕಿಂಡಿಯ ಮೇಲಂಚು 1570. ಹತ್ತಿರ ಹತ್ತಿರ ಅರ್ಧ ಶಿಖರ ಹೊರಗೆ ಬಿತ್ತು.

ಹಾವೇರಿಯಿಂದ:

‘ವರ್ಧನೆ’ಗೆ ನನ್ನ ತಕರಾರಿದೆ. ಹಿಗ್ಗು ಎಂಬ ಅಚ್ಚಗನ್ನಡ ಮಾತಿರುವಾಗ ಸಂಸ್ಕೃತದ ಬಾಗಿಲಿಗೆ ಯಾಕೆ ಹೋಗಬೇಕು? ‘ಹಿಗ್ಗಳತೆ’ ಅನ್ನಿರಿ. ಸಹಾಯಕರು ಏಳನೆಯ ಇಯತ್ತೆ ಓದಿದವರಿರಲಿ, ಪದವೀಧರರಿರಲಿ, ಹಿಗ್ಗಿಸು ಅಂದರೆ ತಿಳಿಯುತ್ತದೆ.

ಗದಗದಿಂದ:

ತಿಳಿಯುತ್ತದೆ, ಆದರೆ ತಪ್ಪು ತಿಳಿಯುತ್ತದೆ. ಹಿಗ್ಗಿಸು ಅಂದರೆ ಅಗಲ ಮಾಡು. ವರ್ಧನೆ ಏರಿಸಿದಾಗ ಶಿಖರ ಬಲಕ್ಕೆ ಸರಿಯುತ್ತದೆ. ಶಿಖರ ಅಗಲವಾಗುವುದು ಬೇರೆ ರೋಗ: ಹರಳಿಗೆ ತೇವ ಹೊಕ್ಕಿದೆ, ಇಲ್ಲವೇ ಸೀಳು ಬಿಟ್ಟಿದೆ. ಸೀಸಿಯಂನ 662 ಕೆಇವಿಯಲ್ಲಿ ಒಳ್ಳೆಯ ಹರಳಿನ ಶಿಖರದ ಅಗಲ ಆ ಶಕ್ತಿಯ 7% ಆಸುಪಾಸು ಇರುತ್ತದೆ. 10 ದಾಟಿತೆಂದರೆ ಯಂತ್ರ ರಿಪೇರಿಗೆ ಕಳಿಸಬೇಕು, ಯಾವ ಸೆಟ್ಟಿಂಗೂ ಅದನ್ನು ತಿದ್ದುವುದಿಲ್ಲ. ಎಸಿ ಜೀಪಿನಿಂದ ತೆಗೆದು ಒಮ್ಮೆಲೇ ಬಿಸಿಲಿಗೆ ಇಟ್ಟರೂ ಸೀಳುತ್ತದೆ. ಈ ಎರಡು ಮಾತು ಕಲೆಸಿದರೆ ಕೆಟ್ಟ ಹರಳನ್ನು ಹಿಡಿದುಕೊಂಡು ಹೊಲ ಹೊಲ ತಿರುಗುತ್ತಾರೆ.

ಧಾರವಾಡದಿಂದ:

ಹಾವೇರಿ ಅಣ್ಣಾರಿಗೆ: ‘ತಕರಾರು’ ಅರಬ್ಬಿ. ಇಯತ್ತೆಯೂ ನಮ್ಮದಲ್ಲ, ಮುಂಬೈ ಪ್ರಾಂತ್ಯದ ಸಾಲೆಯಿಂದ ಉಳಿದದ್ದು. ಅವನ್ನು ಇಟ್ಟುಕೊಂಡು ವರ್ಧನೆಯನ್ನು ಹೊರಗೆ ಹಾಕುವುದು ಯಾವ ನ್ಯಾಯ? ನ್ಯಾಯವೂ ಸಂಸ್ಕೃತವೇ.

ಹಾವೇರಿಯಿಂದ:

ಎರವಲು ತಂದದ್ದಕ್ಕೆ ನನ್ನ ವಿರೋಧವಿಲ್ಲ, ಒಗ್ಗದ್ದಕ್ಕೆ ವಿರೋಧ. ತಕರಾರು, ತಾಸು, ಜಮೀನು ಇವು ಉಕಾರ ಹತ್ತಿಸಿಕೊಂಡು ನಮ್ಮ ವಿಭಕ್ತಿ ಹೊತ್ತವು: ತಾಸಿಗೆ, ತಾಸಿನಲ್ಲಿ. ‘ಥ್ರೆಶೋಲ್ಡ್‌ಅನ್ನು’ ಅಂತ ಅಚ್ಚಾಗಿರುವುದನ್ನು ನೋಡಿರಿ. ನಡುವೆ ಬೆಸುಗೆ ಬಿಟ್ಟ ಕೊಡದ ಹಾಗೆ ಅಲ್ಲೇ ಸೋರುತ್ತದೆ. ಇನ್ನು ವರ್ಧನೆ: ಸಾಲೆ ಬಿಟ್ಟವನ ಬಾಯಿಗೆ ಅದು ‘ವರ್ದನಿ’. ಒಗ್ಗಿದ್ದು ಅಂತ ಅದನ್ನು ಹೇಗೆ ಅನ್ನುತ್ತೀರಿ?

ಧಾರವಾಡದಿಂದ:

‘ವರ್ದನಿ’ ಅಂದರೆ ಒಗ್ಗಿತು ಅಂತಲೇ ಅರ್ಥ. ವಿಷಯ ಬಿಡಬೇಡಿರಿ.

ಹುಬ್ಬಳ್ಳಿಯಿಂದ:

ಹಿರಿಯರು ಇಬ್ಬರೂ ಒಂದು ಸಂಗತಿ ಗಮನಿಸಬೇಕು. ಯಂತ್ರದ ಪರದೆ ಇಂಗ್ಲಿಷಿನಲ್ಲಿದೆ. ಹುಡುಗನ ಬೆರಳು ಹೋಗುವುದು ಅಲ್ಲಿರುವ ಅಕ್ಷರಕ್ಕೆ. ಹಾಗಾಗಿ ಪ್ರತಿ ಸಾಲಿನಲ್ಲೂ ಮೊದಲು ಪರದೆಯ ಹೆಸರು ಕನ್ನಡ ಲಿಪಿಯಲ್ಲಿ, ಆಮೇಲೆ ನಮ್ಮ ಮಾತು, ಆಮೇಲೆ ಏನು ಮಾಡಬೇಕು ಎಂಬುದು. ‘ಗೇನ್’ ಎಂದು ಬರೆದರೆ ಸಾಕೇ?

ಗದಗದಿಂದ:

‘ಗೇನ್’ ಅಂತ ಅರ್ಧಾಕ್ಷರದಲ್ಲೇ ಬಿಡಿರಿ. ‘ಗೇನು’ ಅಂತ ಉಕಾರ ಹಚ್ಚಿದರೆ ಹೊಲದವರು ‘ಗೇಣು’ ಅಂತ ಓದುತ್ತಾರೆ, ಮತ್ತು ಯಂತ್ರವನ್ನು ನೆಲದಿಂದ ಎಷ್ಟು ಎತ್ತರ ಹಿಡಿಯಬೇಕು ಎಂಬ ಸಾಲೂ ಅದೇ ಕಾರ್ಡಿನಲ್ಲಿ ಇರುತ್ತದೆ.

‘ಮಾದರಿ ಸಮಯ’ವೂ ಹೋಗಲಿ. ಮಾದರಿ ಅಂದರೆ ಅವರಿಗೆ ಚೀಲದಲ್ಲಿ ತುಂಬುವ ಮಣ್ಣು. ‘ಎಣಿಕೆ ಹೊತ್ತು’ ಅನ್ನಿರಿ. ಇದನ್ನು ಕಮ್ಮಿ ಇಡುವುದೇ ಎಲ್ಲ ಕಡೆ ನಡೆಯುವ ತಪ್ಪು. ಥೋರಿಯಂ ಕಿಂಡಿಯಲ್ಲಿ ಸೆಕೆಂಡಿಗೆ 2 ಬಿದ್ದರೆ 10 ಸೆಕೆಂಡಿಗೆ 20; ಅದರ ವರ್ಗಮೂಲ ನಾಲ್ಕೂವರೆ ಹತ್ತಿರ, ಅಂದರೆ 22% ಏರುಪೇರು. 100 ಸೆಕೆಂಡ್ ನಿಂತರೆ 200 ಎಣಿಕೆ, ಏರುಪೇರು 7%ಕ್ಕೆ ಇಳಿಯುತ್ತದೆ. ಒಟ್ಟು ಎಣಿಕೆಗೆ ಹತ್ತು ಸೆಕೆಂಡ್ ನಡೆದೀತು, ಥೋರಿಯಂಗೆ ನಡೆಯುವುದಿಲ್ಲ.

ಹಾವೇರಿಯಿಂದ:

‘ಎಣಿಕೆ ಹೊತ್ತು’ ಚೆನ್ನಾಗಿದೆ, ಪೂರ್ತಿ ಕನ್ನಡ. ಹಾಗಿದ್ದರೆ ಡೆಡ್ ಟೈಮ್ ‘ಎಣಿಸದ ಹೊತ್ತು’. ಮೃತ ಸಮಯ ಕೇಳಲಿಕ್ಕೆ ಅಶುಭ.

ಧಾರವಾಡದಿಂದ:

ಶುಭ ಅಶುಭದ ಪ್ರಶ್ನೆಯಲ್ಲ. ‘ಎಣಿಕೆ ಹೊತ್ತು’, ‘ಎಣಿಸದ ಹೊತ್ತು’ ಮೇಲೆ ಕೆಳಗೆ ಅಚ್ಚಾದರೆ ಒಂದರ ಬದಲು ಇನ್ನೊಂದನ್ನು ತಿದ್ದುತ್ತಾರೆ. ಆ ಸಾಲು ಕಾರ್ಡಿನಲ್ಲಿ ಬೇಡವೇ ಬೇಡ. ಒಂದು ಮಿಡಿತ ಎಣಿಸಿದ ಮೇಲೆ ಯಂತ್ರ 5 ಮೈಕ್ರೊಸೆಕೆಂಡ್ ಕುರುಡು ಅಂತ ಹಿಡಿದರೂ ಸೆಕೆಂಡಿಗೆ 1000 ಎಣಿಕೆ ಇದ್ದಲ್ಲಿ ತಪ್ಪಿಹೋಗುವುದು 0.5%. ಹೊಲದಲ್ಲಿ ಅದನ್ನು ಮುಟ್ಟುವ ಕಾರಣವೇ ಇಲ್ಲ.

ಹುಬ್ಬಳ್ಳಿಯಿಂದ:

ಹಾಗಾದರೆ ಕಾರ್ಡು ಹೀಗೆ:

ಗೇನ್ (ವರ್ಧನೆ): ಪೊಟ್ಯಾಸಿಯಂ ಶಿಖರ 487ನೇ ಚಾನೆಲ್ಲಿಗೆ ಬರುವತನಕ ತಿದ್ದಿರಿ. ಹೈವೋಲ್ಟೇಜ್ ಮುಟ್ಟಬೇಡಿ.
ಥ್ರೆಶೋಲ್ಡ್ (ಹೊಸ್ತಿಲು): ಕೊಟ್ಟದ್ದನ್ನು ಬದಲಿಸಬೇಡಿ. ಕೂಗು ನಿಲ್ಲಿಸಲು ಅಲಾರ್ಮ್ ಪುಟದ ಎಚ್ಚರಿಕೆ ಮಟ್ಟ ಬೇರೆ ಇದೆ.
ವಿಂಡೋ (ಕಿಂಡಿ), ಕೆಇವಿಯಲ್ಲಿ: ಒಟ್ಟು 410–2810, ಪೊಟ್ಯಾಸಿಯಂ 1370–1570, ಯುರೇನಿಯಂ 1660–1860, ಥೋರಿಯಂ 2410–2180.
ಸ್ಯಾಂಪ್ಲಿಂಗ್ ಟೈಮ್ (ಎಣಿಕೆ ಹೊತ್ತು): 100 ಸೆಕೆಂಡ್.

ಹಾವೇರಿಯಿಂದ:

ವರ್ಧನೆಗೆ ನನ್ನ ಒಪ್ಪಿಗೆಯಿಲ್ಲ, ದಾಖಲಾಗಲಿ. ಉಳಿದವು ಸರಿ.

ಗದಗದಿಂದ:

ಥೋರಿಯಂ ಮೇಲಂಚು 2810, 2180 ಅಲ್ಲ, ಶಿಖರವೇ 2614ರಲ್ಲಿದೆ. ಮತ್ತೊಂದು ಸಾಲು ಹಾಕಿರಿ: ಮಳೆ ನಿಂತು ಮೂರು ತಾಸು ಆಗುವತನಕ ಅಳೆಯಬಾರದು. ರೇಡಾನ್ ಒಡೆದು ಹುಟ್ಟಿದ ಸೀಸ–214, ಬಿಸ್ಮತ್–214 ಮಳೆ ನೀರಿನೊಂದಿಗೆ ನೆಲಕ್ಕಿಳಿದು 1764 ಕೆಇವಿಯಲ್ಲಿ ಇಲ್ಲದ ಯುರೇನಿಯಂ ತೋರಿಸುತ್ತವೆ. ಅವುಗಳ ಅರ್ಧಾಯುಷ್ಯ 27 ಮತ್ತು 20 ನಿಮಿಷ, ಮೂರು ತಾಸಿನಲ್ಲಿ ತೀರುತ್ತದೆ. ಮಣ್ಣು ಹಸಿ ಇದ್ದರೆ ‘ನೆಲ ಹಸಿ’ ಅಂತ ಬರೆದುಕೊಳ್ಳಲು ಒಂದು ಖಾಲಿ ಗೆರೆಯನ್ನೂ ಬಿಡಿರಿ. ಎರೆಯ ಹೊಲ ನೀರು ಕುಡಿದಿದ್ದರೆ ಪೊಟ್ಯಾಸಿಯಂ ಎಣಿಕೆ ಕಮ್ಮಿಯೇ ಬರುತ್ತದೆ.