ಪ್ರೆಸ್ ಶಾಪ್‌ಗೆ ಸುರಕ್ಷತಾ ನೀತಿ: ಆಡಿಟ್‌ಗೋ, ಆಪರೇಟರ್‌ಗೋ?

ಶೀಟ್‌ಮೆಟಲ್ ಮಾಲೀಕ: ಪೀಣ್ಯದಲ್ಲಿ ನಮ್ಮದು 60 ಜನರ ಪ್ರೆಸ್ ಶಾಪ್, ಮೆಷಿನ್‌ನಲ್ಲಿ ತಗಡು ಒತ್ತಿ ಬಿಡಿಭಾಗ ಮಾಡ್ತೀವಿ. ಗಿರಾಕಿ ಕಂಪನಿಯವರು ಆಡಿಟ್‌ಗೆ ಬರ್ತಿದ್ದಾರೆ, ಲಿಖಿತ ಸುರಕ್ಷತಾ ನೀತಿ ತೋರಿಸಿ ಅಂದಿದ್ದಾರೆ. ಕನ್ಸಲ್ಟೆಂಟ್ ಒಬ್ಬರು 40 ಪುಟದ್ದು ಕೊಟ್ಟರು. ಅದರಲ್ಲಿ ಬಾಯ್ಲರ್ ಬಗ್ಗೆ ಒಂದು ಅಧ್ಯಾಯವೇ ಇದೆ, ನಮ್ಮಲ್ಲಿ ಬಾಯ್ಲರೇ ಇಲ್ಲ! ಏನಿರಬೇಕು ಅದರಲ್ಲಿ?

ನಿವೃತ್ತ ಸೇಫ್ಟಿ ಆಫೀಸರ್: ಅದನ್ನು ರದ್ದಿಗೆ ಹಾಕಿ. ಭೋಪಾಲ್ ದುರಂತ ಆದಮೇಲೆ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ 7ಎ ಸೆಕ್ಷನ್ ಸೇರಿಸಿದರು. ನೀತಿ ಬರೆದಿಟ್ಟರೆ ಸಾಲದು, ಕಾರ್ಮಿಕರಿಗೆ ತಿಳಿಸಬೇಕು, ಆಗಾಗ ತಿದ್ದಬೇಕು ಅಂತ ಅಲ್ಲೇ ಇತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕೆಲಸದ ಸುರಕ್ಷತೆ, ಆರೋಗ್ಯದ ಹೊಸ ಸಂಹಿತೆ ಬಂದಿದೆ, ಆದರೆ ಕೆಲಸ ಶುರುವಾಗೋದು ಕಾಯ್ದೆಯಿಂದಲ್ಲ. ಒಂದೊಂದು ಪ್ರೆಸ್ ಮುಂದೆಯೂ ನಿಂತು ನೋಡಿ, ಕೈ ಡೈ (ತಗಡು ಒತ್ತುವ ಅಚ್ಚು) ಒಳಗೆ ಎಲ್ಲಿ ಹೋಗುತ್ತೆ, ಯಾಕೆ ಹೋಗುತ್ತೆ ಅಂತ. ಬರೆಯೋದು ಆಮೇಲೆ.

ಡೈ ಸೆಟ್ಟರ್: ಯಾಕೆ ಹೋಗುತ್ತೆ ಅಂತ ನಾನು ಹೇಳ್ತೀನಿ ಸಾರ್. ಪೀಸ್ ಲೆಕ್ಕ. ಎರಡೂ ಕೈಯಲ್ಲಿ ಬಟನ್ ಒತ್ತಿದರೇ ಓಡೋ ಪ್ರೆಸ್‌ನಲ್ಲಿ ಒಂದು ಬಟನ್‌ಗೆ ಟೇಪ್ ಸುತ್ತಿ, ಇನ್ನೊಂದು ಕೈಯಲ್ಲಿ ಮಾಲು ತಳ್ತಾರೆ. ಸೂಪರ್‌ವೈಸರ್‌ಗೆ ಗೊತ್ತು, ಟಾರ್ಗೆಟ್ ಮುಟ್ಟೋವರೆಗೂ ಗೊತ್ತಿಲ್ಲದವರ ಹಾಗೆ ಇರ್ತಾರೆ. ಬೆರಳು ಹೋದ ದಿನ ರಿಪೋರ್ಟ್‌ನಲ್ಲಿ ‘ಕಾರ್ಮಿಕನ ಅಜಾಗರೂಕತೆ’.

ಎಚ್‌ಆರ್ ಮಂಗಳೂರು: ಹಾಗಂತ ಶಿಸ್ತು ಬೇಡವೇ? ಗ್ಲೌಸ್, ಶೂ ಕೊಟ್ಟರೂ ಹಾಕಲ್ಲ. ನೀತಿಯಲ್ಲಿ ದಂಡ ಇಲ್ಲದಿದ್ದರೆ ಯಾರೂ ಕೇಳಲ್ಲ.

ಡೈ ಸೆಟ್ಟರ್: ದಂಡ ಹಾಕಿ. ಮೊದಲು ಟೇಪ್ ನೋಡಿಯೂ ಸುಮ್ಮನಿದ್ದವರಿಗೆ ಹಾಕಿ.

ನಿವೃತ್ತ ಸೇಫ್ಟಿ ಆಫೀಸರ್: ಗ್ಲೌಸ್ ಹಾಕಿದ ಕೈಯನ್ನೂ ಪ್ರೆಸ್ ಬಿಡಲ್ಲ ಮೇಡಂ. ಮೊದಲು ಕೈ ಒಳಗೆ ಹೋಗದ ಹಾಗೆ ಟೂಲ್, ಫೀಡರ್. ಆಮೇಲೆ ಗಾರ್ಡ್, ಅಂದರೆ ಕೈ ತಡೆಯೋ ಕವಚ. ಆಮೇಲೆ ತರಬೇತಿ, ಬೋರ್ಡ್. ಗ್ಲೌಸ್ ಕಟ್ಟಕಡೆಗೆ. ಮಾಲೀಕರೇ, ನಿಮ್ಮವು ಹಳೆಯ ಕೀ ಕ್ಲಚ್ ಪ್ರೆಸ್‌ಗಳಾ?

ಶೀಟ್‌ಮೆಟಲ್ ಮಾಲೀಕ: ಹೆಚ್ಚಿನವು ಅವೇ. ಲೈಟ್ ಕರ್ಟನ್, ಅಂದರೆ ಕೈ ಅಡ್ಡ ಬಂದರೆ ಮೆಷಿನ್ ನಿಲ್ಲಿಸೋ ಬೆಳಕಿನ ಪರದೆ, ಹಾಕಿಸಿ ಅಂತ ಕನ್ಸಲ್ಟೆಂಟ್ ಹೇಳಿದ್ದಾರೆ.

ನಿವೃತ್ತ ಸೇಫ್ಟಿ ಆಫೀಸರ್: ದುಡ್ಡು ದಂಡ! ಕೀ ಕ್ಲಚ್ ಒಮ್ಮೆ ಹಿಡೀತು ಅಂದರೆ ಸ್ಟ್ರೋಕ್ ಪೂರ್ತಿ ಆಗೋವರೆಗೂ ಕೆಳಗಿಳಿಯೋ ಭಾಗ, ಅಂದರೆ ರ್‍ಯಾಮ್ ನಿಲ್ಲಲ್ಲ. ಬೆಳಕಿನ ಪರದೆ ಕೈಯನ್ನು ‘ನೋಡಿದರೂ’ ನಿಲ್ಲಿಸೋಕೆ ಆಗಲ್ಲ. ಅಲ್ಲಿ ಫಿಕ್ಸೆಡ್ ಗಾರ್ಡ್, ಇಲ್ಲವೇ ಇಂಟರ್‌ಲಾಕ್ ಗಾರ್ಡ್ (ಮುಚ್ಚದಿದ್ದರೆ ಪ್ರೆಸ್ ಓಡಲ್ಲ). ಡೈ ಬದಲಿಸುವಾಗ ಮೇನ್ ಸ್ವಿಚ್‌ಗೆ ಬೀಗ, ಬೀಗದ ಕೈ ಸೆಟ್ಟರ್ ಜೇಬಿನಲ್ಲಿ, ರ್‍ಯಾಮ್ ಕೆಳಗೆ ಬ್ಲಾಕ್. ನೀತಿಯಲ್ಲಿ ಇಷ್ಟು ನಿಖರವಾಗಿ ಬರೆಯಿರಿ. ‘ಸುರಕ್ಷತೆಯೇ ನಮ್ಮ ಆದ್ಯತೆ’ ಅಂತ ಎಲ್ಲರೂ ಬರೀತಾರೆ.

ಗಾರ್ಮೆಂಟ್ಸ್ ಹುಡುಗಿ: ಇನ್ನೊಂದು ಮಾತು. ‘ಅಪಘಾತ ಇಲ್ಲದ ತಿಂಗಳಿಗೆ ಬೋನಸ್’ ಅಂತ ದಯವಿಟ್ಟು ಹಾಕಬೇಡಿ. ನಾನು ಹಿಂದೆ ಇದ್ದ ಕಡೆ ಸೂಜಿ ಬೆರಳಿಗೆ ಚುಚ್ಚಿದರೂ ಯಾರೂ ಹೇಳ್ತಿರಲಿಲ್ಲ, ಇಡೀ ಲೈನ್‌ನ ಬೋನಸ್ ಹೋಗುತ್ತಲ್ಲ. ‘ಸ್ವಲ್ಪದರಲ್ಲಿ ತಪ್ಪಿತು’ ಅನ್ನೋದನ್ನ ಹೆಸರಿಲ್ಲದೆ ಬರೆಯೋಕೆ ಒಂದು ಪುಸ್ತಕ ಇಡಿ. ಆಮೇಲೆ, ಒಡಿಶಾ, ಬಿಹಾರದ ಹುಡುಗರಿದ್ದರೆ ಇಂಗ್ಲಿಷ್ ಬೋರ್ಡ್ ಓದೋರು ಯಾರು? ಮೆಷಿನ್ ಹತ್ತಿರವೇ ಅವರ ಭಾಷೆಯಲ್ಲಿ ಹೇಳಿ, ಅವರಿಂದ ಮಾಡಿಸಿ ನೋಡಿ.

ಶೀಟ್‌ಮೆಟಲ್ ಮಾಲೀಕ: ಎಲ್ಲ ಒಪ್ಪಿದೆ. ಆದರೆ ಗಾರ್ಡ್ ಹಾಕಿದರೆ ಉತ್ಪಾದನೆ ಇಳಿಯುತ್ತೆ, ಪೀಸ್ ರೇಟ್ ಗಿರಾಕಿ ಏರಿಸಲ್ಲ. ಆಡಿಟ್ ಮಾಡೋದೂ ಅವರೇ, ರೇಟ್ ಹಿಂಡೋದೂ ಅವರೇ. ಪಕ್ಕದ ಶೆಡ್‌ನವನು ಗಾರ್ಡ್ ಇಲ್ಲದೆ ಆರ್ಡರ್ ಹೊಡ್ಕೊಂಡು ಹೋಗ್ತಾನೆ.

ಎಚ್‌ಆರ್ ಮಂಗಳೂರು: ಈ ಮಾತು ನಿಜ. ಅದನ್ನು ಗಿರಾಕಿಗೆ ಬರವಣಿಗೆಯಲ್ಲೇ ಕಳಿಸಿ, ಗಾರ್ಡ್ ಹಾಕಿದಮೇಲಿನ ಸೈಕಲ್ ಟೈಮ್ ಸಮೇತ.

ಶೀಟ್‌ಮೆಟಲ್ ಮಾಲೀಕ: ಕಳಿಸ್ತೀನಿ. ನೀತಿಯಲ್ಲಿ ಒಂದು ಸಾಲು ಹೀಗೆ ಬರೆದಿದ್ದೀನಿ: ‘ಗಾರ್ಡ್ ಇಲ್ಲದಿದ್ದರೆ ಆಪರೇಟರ್ ಪ್ರೆಸ್ ನಿಲ್ಲಿಸಬಹುದು, ನಿಂತ ಹೊತ್ತಿನ ಕೂಲಿ, ಇನ್ಸೆಂಟಿವ್ ಕಡಿತ ಇಲ್ಲ.’

ಡೈ ಸೆಟ್ಟರ್: ಕಾಂಟ್ರ್ಯಾಕ್ಟ್ ಹುಡುಗರಿಗೂ ಅಂತ ಸೇರಿಸಿ ಸಾರ್. ನೈಟ್ ಶಿಫ್ಟ್‌ನಲ್ಲಿ ನೀವು ಇರಲ್ಲ, ಬೆಳಿಗ್ಗೆ ಲೋಡ್ ಹೋಗಬೇಕು ಅಂತ ಸೂಪರ್‌ವೈಸರ್‌ಗೆ ನಿಮ್ಮದೇ ಫೋನ್ ಬರುತ್ತೆ. ಆಗ ಯಾವ ಮಾತು ನಡೆಯುತ್ತೆ ಅನ್ನೋದನ್ನೂ ಅಲ್ಲೇ ಬರೆದು, ಕೆಳಗೆ ನೀವೇ ಸಹಿ ಹಾಕಿ.