ಶಿಮ್ಲಾದಲ್ಲಿ ಅಪ್ಪ-ಅವ್ವನ ಜೊತೆ ಹೊರಗೆ ಸುತ್ತಾಡಲು ಯಾವ ಜಾಗ ಒಳ್ಳೇದು?

ವಿದ್ಯಾನಗರ ಹುಬ್ಬಳ್ಳಿ:
ಎಲ್ಲರಿಗೂ ನಮಸ್ಕಾರ ರೀ. ದಸರಾ ಮುಗಿದ ಮೇಲೆ ಶಿಮ್ಲಾಕ್ಕೆ ಹೊರಟಿದ್ದೇವೆ. ನಾನು, ನಮ್ಮನೆಯವರು, ಮೂರನೇ ಕ್ಲಾಸಿನ ಮಗಳು, ಮತ್ತೆ ಅಪ್ಪ-ಅವ್ವ. ಐದು ದಿನ ಅಲ್ಲೇ ಇರ್ತೀವಿ, ಮನಾಲಿಗೆ ಓಡೋದಿಲ್ಲ. ಟೂರ್‌ನವರು ಕೊಟ್ಟ ಪಟ್ಟಿ ನೋಡಿದರೆ ಬರೀ ಕುಫ್ರಿ, ಕುದುರೆ, ಶಾಪಿಂಗ್. ನಮಗೆ ಬೇಕಾದದ್ದು ಅದಲ್ಲ. ಗಿಡಮರದ ನಡುವೆ ನಡೀಬೇಕು, ಎಲ್ಲಾದರೂ ಕೂತು ಬೆಟ್ಟ ನೋಡಬೇಕು, ಮಗಳಿಗೆ ಓಡಾಡಲು ಜಾಗ ಇರಬೇಕು. ಅಪ್ಪ ದಿನಾ ಬೆಳಿಗ್ಗೆ ನೃಪತುಂಗ ಬೆಟ್ಟ ಹತ್ತಿ ಇಳಿಯುವವರು, ಅವರ ಚಿಂತೆ ಇಲ್ಲ. ಅವ್ವನಿಗೆ ಮೊಣಕಾಲು ನೋವು. ಸಮ ದಾರಿ ಇದ್ದರೆ ಅರ್ಧ ತಾಸು ನಡೀತಾಳೆ, ಮೆಟ್ಟಿಲು ಅಂದ್ರೆ ಆಗೋದೇ ಇಲ್ಲ. ಆ ಊರೇ ಗುಡ್ಡದ ಮೈಮೇಲೆ ಇದೆ ಅಂತಾರೆ. ಹಾಗಾದ್ರೆ ಅವಳನ್ನು ಎಲ್ಲೆಲ್ಲಿ ಕರ್ಕೊಂಡು ಹೋಗಬಹುದು? ಅವಳನ್ನು ರೂಮಿನಲ್ಲಿ ಕೂರಿಸಿ ನಾವು ಸುತ್ತೋದು ನನಗೆ ಬೇಡ.

ಸಾಧನಕೇರಿ ಧಾರವಾಡ:
ಅಕ್ಕಾ, ಉಳಿದದ್ದು ಏನೇ ಬಿಟ್ಟರೂ ಅಬ್ಸರ್ವೇಟರಿ ಗುಡ್ಡದ ಮೇಲಿನ ಹಳೇ ವೈಸರಾಯ್ ಬಂಗಲೆಯ ತೋಟ ಬಿಡಬೇಡಿ. ಈಗ ಅದು ಭಾರತೀಯ ಉನ್ನತ ಅಧ್ಯಯನ ಸಂಸ್ಥೆ. 1888ರಲ್ಲಿ ಮುಗಿದ ಬೂದು ಕಲ್ಲಿನ ಕಟ್ಟಡ. 1945ರ ಶಿಮ್ಲಾ ಸಮ್ಮೇಳನ ಇಲ್ಲೇ ನಡೆದದ್ದು. ಒಳಗೆ ಗೈಡ್ ಜೊತೆ ಸ್ವಲ್ಪ ಭಾಗ ತೋರಿಸುತ್ತಾರೆ, ಆದರೆ ನಿಮಗೆ ಬೇಕಾದದ್ದು ಹೊರಗಿದೆ. ಅಗಲವಾದ ಹುಲ್ಲುಹಾಸು, ಗುಲಾಬಿ ಪಾತಿ, ಸುತ್ತ ದೇವದಾರು. ಟ್ಯಾಕ್ಸಿ ಗೇಟಿನ ಹತ್ತಿರದವರೆಗೆ ಬರುತ್ತದೆ, ಅಲ್ಲಿಂದ ಅವ್ವನಿಗೆ ಜಾಸ್ತಿ ನಡಿಗೆ ಇಲ್ಲ. ಸೋಮವಾರ ರಜೆ, ಅದೊಂದು ನೆನಪಿಡಿ.

ನನಗೆ ಆ ಗುಡ್ಡ ಇಷ್ಟ ಆಗೋದಕ್ಕೆ ಇನ್ನೊಂದು ಕಾರಣ ಇದೆ. ಅದರ ಒಂದು ಪಕ್ಕಕ್ಕೆ ಬಿದ್ದ ಮಳೆ ಸಟ್ಲೆಜ್ ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ, ಇನ್ನೊಂದು ಪಕ್ಕದ್ದು ಯಮುನೆ, ಗಂಗೆ ಹಿಡಿದು ಬಂಗಾಳ ಕೊಲ್ಲಿಗೆ. ನಮ್ಮ ಧಾರವಾಡವೂ ಹಾಗೇ ಅಲ್ವಾ? ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯಾಗಿ, ಗಂಗಾವಳಿಯಾಗಿ ಪಶ್ಚಿಮಕ್ಕೆ ಹರಿಯುತ್ತಾಳೆ. ಪೂರ್ವದ ಕಡೆ ಬಿದ್ದ ನೀರು ಬೆಣ್ಣೆಹಳ್ಳ, ಮಲಪ್ರಭಾ, ಕೃಷ್ಣಾ ಸೇರಿ ಬಂಗಾಳ ಕೊಲ್ಲಿ ಮುಟ್ಟುತ್ತದೆ. ಮಗಳನ್ನು ಆ ಹುಲ್ಲಿನ ಮೇಲೆ ನಿಲ್ಲಿಸಿ ಇದನ್ನು ಹೇಳಿ. ಪುಸ್ತಕದಲ್ಲಿ ಓದಿದರೆ ಮರೀತಾಳೆ, ಅಲ್ಲಿ ನಿಂತು ಕೇಳಿದರೆ ಮರೆಯೋದಿಲ್ಲ.

ಹಳೇ ಹುಬ್ಬಳ್ಳಿ:
ಅವ್ವಾರ ಮೊಣಕಾಲಿನ ಮಾತು ಮೊದಲು. ಶಿಮ್ಲಾದಲ್ಲಿ ಬಸ್ಸು, ಕಾರು ಓಡಾಡೋದು ಕೆಳಗಿನ ಕಾರ್ಟ್ ರೋಡಿನಲ್ಲಿ. ಮಾಲ್ ರೋಡು, ರಿಡ್ಜ್ ಎರಡೂ ಮೇಲೆ ಇವೆ, ಅಲ್ಲಿ ಸಾಮಾನ್ಯ ವಾಹನಕ್ಕೆ ಪ್ರವೇಶ ಇಲ್ಲ. ನಡುವೆ ಲಿಫ್ಟ್ ಇದೆ. ಹೌದು ರೀ, ಕಟ್ಟಡದಲ್ಲಿ ಇರುವಂಥದ್ದೇ ಲಿಫ್ಟ್, ಟಿಕೆಟ್ ತಗೊಂಡು ಎರಡು ಹಂತದಲ್ಲಿ ಮೇಲೆ ಹೋಗಬೇಕು. ಆದ್ದರಿಂದ ರೂಮನ್ನು ಲಿಫ್ಟಿನ ಹತ್ತಿರ ಅಥವಾ ಮಾಲ್ ರೋಡಿನ ಮೇಲೇ ಹಿಡೀರಿ. "ಮಾಲ್ ರೋಡಿನಿಂದ ಐದು ನಿಮಿಷ" ಅಂತ ಬರೆದ ಹೋಟೆಲಿಗೆ ಫೋನ್ ಮಾಡಿ, ಆ ಐದು ನಿಮಿಷದಲ್ಲಿ ಎಷ್ಟು ಮೆಟ್ಟಿಲು ಅಂತ ಕೇಳಿ. ನಾಚಿಕೆ ಬೇಡ. ಎಷ್ಟೋ ಮಂದಿಯ ಪ್ರವಾಸ ಹಾಳಾಗೋದು ಅದೊಂದರಿಂದಲೇ.

ರಿಡ್ಜ್ ಅಂದ್ರೆ ಗುಡ್ಡದ ನೆತ್ತಿ ಮೇಲಿನ ಸಮ ಬಯಲು. ಆ ಬಯಲಿನ ಕೆಳಗೇ ಊರಿನ ದೊಡ್ಡ ನೀರಿನ ಟ್ಯಾಂಕ್ ಇದೆ, ಮೇಲೆ ಜನ ಓಡಾಡ್ತಾರೆ. ಒಂದು ತುದಿಗೆ 1857ರ ಕ್ರೈಸ್ಟ್ ಚರ್ಚ್. ಬೆಳಿಗ್ಗೆ ಬೇಗ ಹೋಗಿ. ಗದ್ದಲ ಇರೋದಿಲ್ಲ, ಆಕಾಶ ತಿಳಿಯಾಗಿದ್ದರೆ ಹಿಮದ ಬೆಟ್ಟದ ಸಾಲು ಕಾಣುತ್ತದೆ. ಬೆಂಚಿವೆ, ಅವ್ವ ಎಷ್ಟು ಹೊತ್ತಾದರೂ ಕೂರಬಹುದು. ಸಂಜೆ ಅದೇ ಜಾಗ ಜಾತ್ರೆ ಆಗುತ್ತದೆ.

ಹೋಗೋದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳ್ತೀನಿ. ಯಶವಂತಪುರದಿಂದ ಚಂಡೀಗಢಕ್ಕೆ ಹೋಗುವ ಸಂಪರ್ಕ ಕ್ರಾಂತಿ ನಮ್ಮ ಹುಬ್ಬಳ್ಳಿ ಮೇಲೇ ಹೋಗುತ್ತದೆ. ದಿನಾ ಇಲ್ಲ, ವಾರ ನೋಡಿ ಬುಕ್ ಮಾಡಿ. ಎರಡು ರಾತ್ರಿ ರೈಲಿನಲ್ಲೇ, ಹಾಗಾಗಿ ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ. ಚಂಡೀಗಢದಿಂದ ಕಾಲ್ಕಾ ಹತ್ತಿರ. ಅಲ್ಲಿಂದ ಟಾಯ್ ಟ್ರೇನ್ ಹಿಡೀರಿ. 1903ರಲ್ಲಿ ಶುರುವಾದದ್ದು, 96 ಕಿಲೋಮೀಟರ್, 2008ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಸುರಂಗದ ಬಾಯಿಯ ಮೇಲೆ ನಂಬರ್ ಬರೆದಿರುತ್ತಾರೆ. ಕೊನೆಯ ನಂಬರ್ 103, ಆದರೆ ಇರೋದು 102, ಯಾಕಂದ್ರೆ 46ನೇದು ಈಗ ಇಲ್ಲ. ಎಣಿಸೋ ಕೆಲಸ ಮಗಳಿಗೆ ಕೊಡಿ, ಐದು ತಾಸು ಹೋದದ್ದೇ ಗೊತ್ತಾಗೋದಿಲ್ಲ.

ಬೆಟಗೇರಿ ಗದಗ:
ಇಬ್ಬರೂ ಊರೊಳಗಿನದ್ದೇ ಹೇಳಿದ್ರಿ. ಕಾಡಿನ ಮಾತು ನಾನು ಹೇಳ್ತೀನಿ. ಧಲ್ಲಿ ಮತ್ತು ಕುಫ್ರಿ ನಡುವೆ ಶಿಮ್ಲಾ ಜಲಾನಯನ ಅಭಯಾರಣ್ಯ ಇದೆ. ಸುಮಾರು 10 ಚದರ ಕಿಲೋಮೀಟರ್. ಬ್ರಿಟಿಷರ ಕಾಲದಲ್ಲಿ ಊರಿಗೆ ಕುಡಿಯುವ ನೀರು ಈ ಕಾಡಿನ ಝರಿಗಳಿಂದ ಬರುತ್ತಿತ್ತು, ನೀರಿಗೋಸ್ಕರವೇ ಕಾಡನ್ನು ಯಾರೂ ಮುಟ್ಟದಂತೆ ಕಾದರು. ಅದಕ್ಕೇ ಇವತ್ತಿಗೂ ಅಷ್ಟು ದಟ್ಟವಾಗಿದೆ. ದೇವದಾರು, ಓಕ್, ನೆಲದ ತುಂಬ ಪಾಚಿ, ಜರಿಗಿಡ. ಒಳಗಿನ ದಾರಿ ಬಹುಪಾಲು ಸಮ ಇದೆ, ಅವ್ವಾರು ಅರ್ಧ ತಾಸು ನಡೆದು ಹಿಂದಿರುಗಬಹುದು, ಅಪ್ಪಾರು ಬೇಕಾದಷ್ಟು ಮುಂದೆ ಹೋಗಲಿ. ಅರಣ್ಯ ಇಲಾಖೆಯ ಟಿಕೆಟ್ ಇದೆ. ಚಿರತೆ, ಕರಡಿ ಇರುವ ಕಾಡು, ಸಂಜೆ ತಡ ಮಾಡಬೇಡಿ, ಮಗಳು ಮುಂದೆ ಓಡದಂತೆ ನೋಡಿಕೊಳ್ಳಿ. ಉದ್ದ ಬಾಲದ ನೀಲಿ ಮ್ಯಾಗ್‌ಪೈ ಹಕ್ಕಿ ಒಂದರ ಹಿಂದೆ ಒಂದು ಸಾಲಾಗಿ ಮರದಿಂದ ಮರಕ್ಕೆ ಹಾರೋದು ನೋಡಬೇಕು. ಅದೊಂದಕ್ಕೇ ಹೋದರೂ ನಷ್ಟ ಇಲ್ಲ.

ನಮ್ಮ ಕಪ್ಪತಗುಡ್ಡ 2019ರಲ್ಲಿ ಅಭಯಾರಣ್ಯ ಆಯಿತು, ಅದಕ್ಕಾಗಿ ಎಷ್ಟು ಜನ ಎಷ್ಟು ವರ್ಷ ಕೂಗಿದರು ಅಂತ ಇಲ್ಲಿಯವರಿಗೆ ಗೊತ್ತು. ನೀರಿಗೂ ಕಾಡಿಗೂ ಇರುವ ನಂಟು ಕಣ್ಣಾರೆ ನೋಡಬೇಕಾದರೆ ಆ ಶಿಮ್ಲಾದ ಕಾಡಿಗೆ ಹೋಗಬೇಕು. 2018ರ ಬೇಸಿಗೆಯಲ್ಲಿ ಅದೇ ಊರಿನಲ್ಲಿ ನೀರಿಗೆ ಹಾಹಾಕಾರ ಆಗಿತ್ತು, ಪ್ರವಾಸಿಗರೇ ಬರಬೇಡಿ ಅಂತ ಅಲ್ಲಿನ ಜನ ಕೇಳಿಕೊಂಡಿದ್ದರು. ರೂಮಿನಲ್ಲಿ ನೀರು ನೋಡಿ ಬಳಸಿ ರೀ.

ಕುಫ್ರಿ ಬೇಡವೇ ಬೇಡ. ಕೆಸರು, ಲದ್ದಿ, ಒಂದರ ಮೈಗೆ ಒಂದು ತಾಗುವ ಕುದುರೆಗಳು. ಆ ಏರಿನಲ್ಲಿ ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತವೋ ಪಾಪ.

ರಾಣೆಬೆನ್ನೂರು:
ಬೆಟಗೇರಿ ಅಣ್ಣಾರು ಹೇಳಿದ ಕುದುರೆ ಮಾತು ಒಪ್ಪುತ್ತೇನೆ, ಆದರೆ ಕುಫ್ರಿಗೆ ಹೋಗಲೇಬೇಡಿ ಅನ್ನೋದನ್ನು ಒಪ್ಪಲ್ಲ. ಅಲ್ಲಿ ಹಿಮಾಲಯನ್ ನೇಚರ್ ಪಾರ್ಕ್ ಇದೆ, ಕುದುರೆಯವರಿಗೂ ಅದಕ್ಕೂ ಸಂಬಂಧ ಇಲ್ಲ. ಕರಡಿ, ಬಗೆಬಗೆಯ ಜಿಂಕೆ, ಮೋನಾಲ್ ಹಕ್ಕಿ ಇವೆ. ಮೋನಾಲ್ ಗಂಡಿನ ಕುತ್ತಿಗೆ ಮೇಲೆ ಬಿಸಿಲು ಬಿದ್ದರೆ ಹಸಿರು, ತಾಮ್ರ, ನೇರಳೆ ಎಲ್ಲಾ ಒಟ್ಟಿಗೆ ಹೊಳೆಯುತ್ತದೆ. ಮೂರನೇ ಕ್ಲಾಸಿನ ಮಗುವಿಗೆ ಅದಕ್ಕಿಂತ ಏನು ಬೇಕು? ಕೃಷ್ಣಮೃಗ ನೋಡಿ ಬೆಳೆದ ನನ್ನ ಮಕ್ಕಳೂ ಅಲ್ಲಿಂದ ಕದಲಲಿಲ್ಲ. ಒಳಗೆ ಏರು ಇದೆ ಅನ್ನೋದು ನಿಜ, ಅವ್ವಾರು ಗೇಟಿನ ಹತ್ತಿರದ ಭಾಗ ನೋಡಿ ಕೂರಲಿ.

ಅರ್ಧ ದಿನ ಉಳಿದರೆ ಮಶೋಬ್ರಾ ಕಡೆ ಕ್ರೇಗ್ನಾನೋ ತೋಟಕ್ಕೆ ಹೋಗಿ. ದೊಡ್ಡ ಹೆಸರಿಲ್ಲ, ಜನವೂ ಕಡಿಮೆ. ಮರದಡಿ ಚಾಪೆ ಹಾಸಿ ಊಟ ಮಾಡುವಂಥ ಜಾಗ.

ವಿದ್ಯಾನಗರ ಹುಬ್ಬಳ್ಳಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್ ರೀ. ಹೋಟೆಲಿಗೆ ಈಗಲೇ ಫೋನ್ ಮಾಡಿ ಮೆಟ್ಟಿಲು ಕೇಳಿದೆ, ನಲವತ್ತು ಅಂದರು, ಕ್ಯಾನ್ಸಲ್ ಮಾಡಿದೆ. ಇನ್ನೆರಡು ಸಂಶಯ. ಅವ್ವನಿಗೆ ಜಾಖೂ ಹನುಮಪ್ಪನ ದರ್ಶನ ಆಗಲೇಬೇಕು, ಆದರೆ ಅಲ್ಲಿ ಮಂಗಗಳ ಕಾಟ ಬಹಳ ಅಂತ ಕೇಳಿದ್ದೇನೆ. ಮತ್ತೆ ಗುಡ್ಡ ಕುಸಿಯೋ ಸುದ್ದಿ ನೋಡಿ ಅಪ್ಪ ಹಿಂದೆಮುಂದೆ ನೋಡ್ತಿದ್ದಾರೆ.

ಸಾಧನಕೇರಿ ಧಾರವಾಡ:
ಅಪ್ಪಾರ ಹೆದರಿಕೆ ಸುಮ್ನೆ ಅಲ್ಲ. 2023ರ ಆಗಸ್ಟ್‌ನಲ್ಲಿ ಸಮ್ಮರ್ ಹಿಲ್ ಹತ್ತಿರ ಗುಡ್ಡ ಕುಸಿದು ಶಿವನ ಗುಡಿ ಕೊಚ್ಚಿಹೋಯಿತು, ಜನ ಸತ್ತರು. ಟಾಯ್ ಟ್ರೇನಿನ ಹಳಿ ಕೆಳಗಿನ ಮಣ್ಣೇ ಹೋಗಿ ಹಳಿ ಗಾಳಿಯಲ್ಲಿ ಜೋತಾಡುತ್ತಿತ್ತು. ಆದರೆ ಅದು ಮಳೆಗಾಲದ ಮಾತು. ಜುಲೈ, ಆಗಸ್ಟ್ ಬಿಟ್ಟುಬಿಡಬೇಕು. ದಸರಾ ಆದಮೇಲೆ ಮಳೆ ಹಿಂದೆ ಸರಿದಿರುತ್ತದೆ, ಆಕಾಶ ತಿಳಿ ಇರುತ್ತದೆ. ವರ್ಷದಲ್ಲೇ ಒಳ್ಳೆ ಸಮಯ ಅದು. ಹೊರಡುವ ವಾರ ಹವಾಮಾನ ನೋಡಿಕೊಳ್ಳಿ ಸಾಕು.

ಹಳೇ ಹುಬ್ಬಳ್ಳಿ:
ಜಾಖೂಗೆ 2017ರಿಂದ ರೋಪ್‌ವೇ ಇದೆ, ಅವ್ವಾರು ಆರಾಮಾಗಿ ಹೋಗಬಹುದು. ಗುಡ್ಡ 2,455 ಮೀಟರ್ ಎತ್ತರ, ಮೇಲೆ 108 ಅಡಿಯ ಹನುಮಪ್ಪ. ಮಂಗಗಳು ಮೊದಲು ಕೈ ಹಾಕೋದು ಕನ್ನಡಕಕ್ಕೆ. ರೋಪ್‌ವೇ ಇಳಿಯುವ ಮೊದಲೇ ಎಲ್ಲರೂ ಕನ್ನಡಕ ತೆಗೆದು ಒಳ ಜೇಬಿಗೆ ಹಾಕಿ, ಫೋನೂ ಅಷ್ಟೇ. ಪ್ರಸಾದವನ್ನು ಕೈಯಲ್ಲಿ ಹಿಡಿಯಬೇಡಿ, ಮುಚ್ಚಿದ ಬ್ಯಾಗಿನಲ್ಲಿ ಇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಹಲ್ಲು ಬಿಟ್ಟು ನಗಬಾರದು ಅಂತ ಮಗಳಿಗೆ ಮೊದಲೇ ಹೇಳಿ. ಕೋಲು ಬಾಡಿಗೆಗೆ ಸಿಗುತ್ತದೆ, ಅಪ್ಪಾರ ಕೈಯಲ್ಲಿ ಒಂದಿರಲಿ, ಬೀಸಬೇಕಾಗಿಲ್ಲ, ಕಂಡರೆ ಸಾಕು. ಮಧ್ಯಾಹ್ನದ ಹೊತ್ತಿಗೆ ಸಾಲು ಉದ್ದ ಆಗುತ್ತದೆ, ಬೆಳಿಗ್ಗೆಯೇ ಮುಗಿಸಿ. ಮೇಲೆ ಗಾಳಿ ಜೋರು, ಅವ್ವಾರಿಗೆ ಶಾಲಿನ ಜೊತೆ ಸ್ವೆಟರೂ ಇರಲಿ.